ಕರಿ ಒಂದರಲ್ಲಿ ಶುರುವಾದ ಹಾಡು

ಹಾಡು ಕೇಳಿ ತಲೆದೂಗಿ ಸುಮ್ಮನಾಗುವವರನ್ನು ಕಂಡರೆ ನನಗೆ ಸಣ್ಣದೊಂದು ಹೊಟ್ಟೆಕಿಚ್ಚು. ನನ್ನ ಕೈಲಿ ಅದು ಆಗುವುದಿಲ್ಲ. ಹಾಡು ಶುರುವಾಯಿತೆಂದರೆ, ಇದನ್ನು ಯಾವ ಕೋಣೆಯಲ್ಲಿ ಮಾಡಿದರು, ಅವತ್ತು ಯಾರು ಯಾರ ಮೇಲೆ ಮುನಿಸಿಕೊಂಡಿದ್ದರು, ಯಾವ ಯಂತ್ರ ಕೆಟ್ಟಿತ್ತು ಎಂದು ತಲೆ ಕೊರೆಯಲು ಶುರುಮಾಡುತ್ತದೆ. ಬಳ್ಳಾರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಲ್ಲವೇ, ಹಾಗಾಗಿ ಹೀಗೆ ಎಂದು ಮನೆಯವರು ನಗುತ್ತಾರೆ. ಅದು ಸುಳ್ಳು. ಈ ಚಾಳಿ ಪಾಠ ಹೇಳುವುದಕ್ಕಿಂತ ಎಷ್ಟೋ ಹಳೆಯದು.

ಅಂಟಿಸಿದವನು ನನ್ನ ಅಣ್ಣ. ಅವನು ಕೌಲ್ ಬಜಾರಿನ ಅಂಗಡಿಯೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ಇಂಗ್ಲಿಷ್ ರಾಕ್ ಹಾಡುಗಳನ್ನು ತುಂಬಿಸಿಕೊಂಡು ಬರುತ್ತಿದ್ದ. ಮಾತು ಅರ್ಥವಾಗುತ್ತಿರಲಿಲ್ಲ, ಗಿಟಾರು ಅರ್ಥವಾಗುತ್ತಿತ್ತು. ಮುಂದೆ ಆ ಹಾಡುಗಳು ಹುಟ್ಟಿದ ಕತೆಗಳನ್ನು ಸಿಕ್ಕಸಿಕ್ಕಲ್ಲಿ ಓದಿದೆ. ಯಾರೋ ದೊಡ್ಡ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು ಮೈಕನ್ನು ಮೇಲಿನ ಅಂತಸ್ತಿನಿಂದ ಇಳಿಬಿಟ್ಟರಂತೆ. ಯಾರೋ ಸ್ಪೀಕರಿನ ಹಾಳೆಯನ್ನು ಬ್ಲೇಡಿನಿಂದ ಸೀಳಿ ಗಿಟಾರಿಗೆ ಗೊಗ್ಗರು ದನಿ ಬರಿಸಿದರಂತೆ. ಟೇಪನ್ನು ನಿಧಾನವಾಗಿ ಓಡಿಸುತ್ತ ಹಾಡಿ, ಆಮೇಲೆ ಸರಿಯಾದ ವೇಗದಲ್ಲಿ ಕೇಳಿಸಿ, ನಡುವಯಸ್ಸಿನ ಗಂಟಲಿನಿಂದ ಎಳೆಯ ದನಿ ತೆಗೆದವರೂ ಇದ್ದರಂತೆ. ಇದನ್ನೆಲ್ಲ ಓದಿ ಬೆರಗಾಗಿ ಕ್ಲಾಸಿನಲ್ಲಿ ಹುಡುಗರಿಗೂ ಹೇಳಿದ್ದೇನೆ. ಇಷ್ಟಾದರೂ ನಮ್ಮದೇ ಹಾಡು ಹೇಗೆ ಹುಟ್ಟಿತೆಂದು ಕೇಳಿಕೊಳ್ಳಬೇಕು ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಹೌದು, ನಾವೂ ಒಂದು ಹಾಡು ಮಾಡಿದ್ದೆವು. ಕಾಲೇಜಿನಲ್ಲಿದ್ದಾಗ ನಮ್ಮದು ಮೂರೇ ಮಂದಿಯ ತಂಡ. ಒಬ್ಬ ಗಿಟಾರು ನುಡಿಸಿಕೊಂಡು ಹಾಡುತ್ತಿದ್ದ. ಸಿರುಗುಪ್ಪದ ಅಕ್ಕಿಗಿರಣಿಯ ಮಗ ಡ್ರಮ್ ಬಾರಿಸುತ್ತಿದ್ದ. ಕೀಬೋರ್ಡ್ ಇರಲಿಲ್ಲವಾಗಿ, ಅಜ್ಜನ ಕಾಲದ ನಾಟಕದ ಹಾರ್ಮೋನಿಯಂ ಹೊತ್ತು ನಾನು ಸೇರಿಕೊಂಡಿದ್ದೆ. ಹಾರ್ಮೋನಿಯಂ ಇಟ್ಟುಕೊಂಡು ರಾಕ್ ಮಾಡುವವರು ಎಂದು ಕಾಲೇಜು ತುಂಬ ನಗೆಪಾಟಲು. ನಮ್ಮ ಹಾಡು ಬಸ್ಸು ತಪ್ಪಿಸಿಕೊಂಡ ಹುಡುಗನೊಬ್ಬನದು. ಅದನ್ನು ಗಿರಣಿಯ ಗೋದಾಮಿನಲ್ಲಿ ಟೇಪ್ ಮಾಡಿದೆವು. ಸುತ್ತಲೂ ಸೂರಿನ ತನಕ ಭತ್ತದ ಚೀಲಗಳಿದ್ದದ್ದರಿಂದ ಒಳಗೆ ಒಂದಿಷ್ಟೂ ಪ್ರತಿಧ್ವನಿಯಿರಲಿಲ್ಲ.

ಮರುದಿನ ಬಳ್ಳಾರಿಗೆ ಬಂದು ಅಣ್ಣನ ಟೇಪಿನಲ್ಲಿ ಕ್ಯಾಸೆಟ್ ಹಾಕಿದಾಗ ಮೂವರೂ ದಂಗಾದೆವು. ಮೊದಲು ಸಾದಾ ದನಿಯಲ್ಲಿದ್ದ ಹಾಡು ಕೊನೆಯ ಚರಣ ಬರುಬರುತ್ತ ಮೇಲೇರಿ, ಹುರುಪೇರಿ, ನೆತ್ತಿಗೆ ಮುಟ್ಟುವಂತೆ ಮುಗಿಯಿತು.

"ಇದು ನಾನಽ ಏನಲೇ?" ಎಂದು ಹಾಡಿದವನೇ ಡ್ರಮ್ಮಿನವನನ್ನು ಹಿಡಿದು ಅಲುಗಾಡಿಸಿದ್ದ.

ಆ ಕ್ಯಾಸೆಟ್ಟಿನ ನಕಲುಗಳು ಹಾಸ್ಟೆಲಿನಿಂದ ಹಾಸ್ಟೆಲಿಗೆ ಓಡಾಡಿದವು. ಆ ಏರಿಕೆಯಿಂದಲೇ ಹಾಡಿದವನಿಗೆ ಹೆಸರು ಬಂತು. ಅದರಿಂದಲೇ ಅವನು ಕೆಟ್ಟ. ಕುರುಗೋಡಿನಲ್ಲಿ ಗಣಪತಿ ಕೂರಿಸಿದವರು ನಮ್ಮನ್ನು ಕರೆಸಿದ್ದರು. ಕೊನೆಯ ಚರಣಕ್ಕೆ ಜನ ಕಾದು ಕೂತಿದ್ದರು. ಕ್ಯಾಸೆಟ್ಟಿನಲ್ಲಿದ್ದಂತೆ ಏರಿಸಲು ಹೋದ, ಗಂಟಲು ಒಡೆದು ದನಿ ಎರಡಾಯಿತು. ಶಿಳ್ಳೆ, ಕೂಗು, ನಗು. ಮತ್ತೆ ಮತ್ತೆ ಏರಿಸಿದ, ಮತ್ತೆ ಮತ್ತೆ ಒಡೆಯಿತು. ಅವತ್ತು ವೇದಿಕೆ ಇಳಿದವನು ಮುಂದೆ ಯಾರೆದುರೂ ಬಾಯಿ ತೆರೆದು ಹಾಡಲಿಲ್ಲ. "ಒಂದು ಸಲ ಬಂದಿತ್ತು, ಹೋತು" ಎನ್ನುತ್ತಿದ್ದ. ವಿಚಿತ್ರ ನೋಡಿ, ಅದೇ ಕುರುಗೋಡಿನ ಹುಡುಗಿಯನ್ನು ಮದುವೆಯಾಗಿ, ಅಲ್ಲೇ ಗೊಬ್ಬರದ ಅಂಗಡಿ ಇಟ್ಟುಕೊಂಡು, ಈಗ ತಲೆ ನರೆತು ಕೂತಿದ್ದಾನೆ.

ಅವನ ಹೆಂಡತಿಗೆ ನಾನೆಂದರೆ ಸಲುಗೆ. ಹೋದಾಗಲೆಲ್ಲ ಮೆಲ್ಲಗೆ ಹೇಳುತ್ತಿದ್ದಳು: "ಅಕ್ಕಾ, ಇವರು ಭಾಳ ಚೊಲೊ ಹಾಡತಿದ್ರಂತ ಊರೆಲ್ಲಾ ಹೇಳತೈತಿ. ನಾ ಮಾತ್ರ ಎದುರಿಗೆ ಕುಂತು ಒಂದು ದಿನ ಕೇಳಿಲ್ಲ. ಒಮ್ಮಿ ಹಾಡಸ್ರಿ."

ಹಾಡಿಸುವುದು ನನ್ನ ಕೈಲಿತ್ತೇ? ಕೇಳಿದರೆ ಅವನು ಯೂರಿಯಾ ಬಂದಿಲ್ಲ ಎನ್ನುವ ಮುಖ ಮಾಡಿ ಎದ್ದುಹೋಗುತ್ತಿದ್ದ.

ಹೋದ ಬೇಸಿಗೆಯಲ್ಲಿ ಸಿರುಗುಪ್ಪದವನು ಗಿರಣಿಯ ಕಚೇರಿಗೆ ಬಣ್ಣ ಹೊಡೆಸುವಾಗ ಆ ಕ್ಯಾಸೆಟ್ ಸಿಕ್ಕಿತಂತೆ. ಅದನ್ನು ಮೊಬೈಲಿಗೆ ಇಳಿಸಿ ನಮ್ಮಿಬ್ಬರಿಗೂ ವಾಟ್ಸಾಪಿನಲ್ಲಿ ಕಳಿಸಿದ. ಅದೇ ವಾರ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದಿಂದ, ಈ ಸಲದ ಕೂಟದಲ್ಲಿ ನೀವು ಮೂವರೂ ಹಾಡಲೇಬೇಕು ಎಂಬ ಕರೆಯೂ ಬಂತು. ಕುರುಗೋಡಿನಿಂದ ಒಂದೇ ಸಾಲಿನ ಉತ್ತರ: "ಆ ದನಿ ಸತ್ತೈತಿ. ನನ್ನ ಬಿಟ್ಟುಬಿಡ್ರಿ."

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅಟ್ಟದ ಮೇಲಿಂದ ಹಾರ್ಮೋನಿಯಂ ಇಳಿಸಿ, ದೂಳು ಕೊಡವಿ, ಇವನು ಬರದಿದ್ದರೆ ನಾನೊಬ್ಬಳೇ ನುಡಿಸುತ್ತೇನೆ ಎಂದು ಮೊಬೈಲಿನ ಹಾಡಿನ ಜೊತೆ ಶ್ರುತಿ ಕೂಡಿಸತೊಡಗಿದೆ. ನಮ್ಮ ಹಾಡು ಕರಿ ಒಂದು, ಎಂದರೆ ಹಾರ್ಮೋನಿಯಂನಲ್ಲಿ ಬೆರಳೊತ್ತುವ ಮೊದಲ ಕಪ್ಪು ಮನೆ. ಶುರುವಿನಲ್ಲಿ ಸರಿಯಾಗಿ ಕೂಡಿತು. ಎರಡನೆಯ ಚರಣಕ್ಕೆ ಸ್ವಲ್ಪ ಮುಲುಗಿತು. ಪೆಟ್ಟಿಗೆ ಹಳೆಯದು, ಬೇಸಿಗೆ ಬೇರೆ ಎಂದುಕೊಂಡೆ. ಕೊನೆಯ ಚರಣಕ್ಕಂತೂ ಎರಡೂ ಜಗಳಕ್ಕೇ ಬಿದ್ದವು. ಹುಡುಕುತ್ತ ಹೋದರೆ ಮೊಬೈಲಿನ ಶ್ರುತಿ ಮೇಲೇರಿ ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ ಎಲ್ಲೋ ನಿಂತಿತ್ತು. ಆ ಎರಡು ಮನೆಗಳ ನಡುವೆ ಕಪ್ಪು ಮನೆಯೂ ಇಲ್ಲ.

ಹಾಡುವವನ ಗಂಟಲು ಎಲ್ಲಿಗೆ ಬೇಕಾದರೂ ಏರಬಹುದು, ಅದು ಅವನ ಗಂಟಲು. ಆದರೆ ಹಾಡಿನ ಹಿಂದೆ ನುಡಿಯುತ್ತಿದ್ದ ಹಾರ್ಮೋನಿಯಂ ನನ್ನದು. ಅದೂ ಅವನ ಜೊತೆಜೊತೆಗೇ ಏರಿತ್ತು, ಇಲ್ಲದ ಮನೆಗೆ ಹೋಗಿ ನಿಂತಿತ್ತು! ಇಷ್ಟು ವರ್ಷ ಎಲ್ಲರ ಕಿವಿಯೂ ಅವನ ದನಿಯ ಮೇಲೆ. ಹಿಂದಿನ ಹಾರ್ಮೋನಿಯಂಗೆ ಯಾರು ಕಿವಿ ಕೊಡುತ್ತಾರೆ? ನುಡಿಸಿದ ನಾನೇ ಕೊಟ್ಟಿರಲಿಲ್ಲ. ಏರಿದ್ದು ಅವನಲ್ಲ, ಟೇಪು. ಆದರೆ ಟೇಪು ತಾನಾಗಿ ಯಾಕೆ ಏರಬೇಕು?

ಮರುದಿನ ಬೆಳಿಗ್ಗೆಯೇ ಸಿರುಗುಪ್ಪದ ಬಸ್ಸು ಹತ್ತಿದೆ. ಡ್ರಮ್ಮಿನವನು ಈಗ ಗಿರಣಿಯ ಯಜಮಾನ, ಹೊಟ್ಟೆಯೂ ಅದಕ್ಕೆ ತಕ್ಕಂತೆ ಬೆಳೆದಿದೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ, ಯಂತ್ರಗಳ ಗದ್ದಲ ಮೀರಿಸಿ ಕೂಗಿ ಮಾತಾಡಿದ. ಅವತ್ತು ಟೇಪು ಹೇಗೆ ಓಡಿಸಿದೆವು, ನೆನಪಿದೆಯೇ ಎಂದು ಕೇಳಿದೆ.

"ನೆನಪಿಲ್ಲದ ಏನು? ಅವತ್ತು ಅಮಾಸಿ, ಮಿಲ್ ಬಂದ್. ಅದಕ್ಕಽ ಅಲ್ಲೇನು ನಾವು ಆ ದಿನ ಹಿಡಕೊಂಡಿದ್ದು? ಮಿಲ್ ನಡದಿದ್ರ ನಿನ್ನ ಪೆಟಿಗಿ ಯಾರಿಗೆ ಕೇಳತಿತ್ತು?"

"ಕರೆಂಟ್ ಇತ್ತೇನು?"

"ಎಲ್ಲಿ ಕರೆಂಟು! ಮುಂಜಾನೆ ಹೋಗಿದ್ದು ಬರಲೇ ಇಲ್ಲ. ಟೇಪಿಗೆ ಸೆಲ್ ಹಾಕಿದ್ವಿ."

"ಹೊಸ ಸೆಲ್ಲಾ?"

"ಅಮಾಸಿ ದಿನ ಯಾವ ಅಂಗಡಿ ತಗದಿರತೈತವ್ವಾ? ರಾತ್ರಿ ಹಿಡಕೊಂಡು ಓಡಾಡೋ ಬ್ಯಾಟರಿ ಒಳಗಿನ ಹಳೇ ಸೆಲ್ ತಗದು ಕಣದಾಗ ನೆಲ್ಲಿನ ಬಾಜೂಕ ಒಣಗಾಕ ಇಟ್ಟಿದ್ದೆ. ಹೆಂಗ ಕಾದಿದ್ವು ಅಂದ್ರ, ಕೈಯಾಗ ಹಿಡಿಯಾಕ ಆಗ್ತಿದ್ದಿಲ್ಲ. ಸತ್ತ ಸೆಲ್ಲು, ಪೂರಾ ಹಾಡು ಎಳದು ಆಮ್ಯಾಲ ನಿಂತ್ವು ನೋಡು!"

ಅವನ ಮುಖದಲ್ಲಿ ಈಗಲೂ ಆ ಹೆಮ್ಮೆ ಇತ್ತು. ನಾನು ಕೈಲಿದ್ದ ಮಿರ್ಚಿ ಕೆಳಗಿಟ್ಟೆ. ಬಿಸಿಲಿಗೆ ಕಾದ ಹಳೆ ಸೆಲ್ಲು ಸ್ವಲ್ಪ ಹೊತ್ತು ಜೀವ ಬಂದಂತೆ ಕೆಲಸ ಮಾಡುತ್ತದೆ, ಆರುತ್ತ ಬಂದಂತೆ ಸೊರಗುತ್ತದೆ. ಹಾಡು ಶುರುವಾದಾಗ ಟೇಪು ಸರಿಯಾಗಿ ತಿರುಗಿದೆ, ಮುಗಿಯುವ ಹೊತ್ತಿಗೆ ತೆವಳಿದೆ. ತೆವಳುತ್ತ ಹಿಡಿದ ಹಾಡನ್ನು ಬಳ್ಳಾರಿಯ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಓಡಿಸಿದರೆ, ಕೊನೆಯ ಚರಣ ಆಕಾಶಕ್ಕೆ ಏರದೆ ಇನ್ನೇನು ಮಾಡುತ್ತದೆ? ಪರದೇಶದ ದೊಡ್ಡವರು ಬೇಕೆಂದೇ ಮಾಡಿದ್ದನ್ನು ನಾವು ಭತ್ತದ ಕಣದಲ್ಲಿ ಗೊತ್ತಿಲ್ಲದೆ ಮಾಡಿಬಿಟ್ಟಿದ್ದೆವು.

ವಿಷಯ ತಿಳಿದು ಅವನು ಮೊದಲು ಹೊಟ್ಟೆ ಕುಣಿಸಿ ನಕ್ಕ. "ಹಂಗಾದ್ರ ಕಡೀಗೆ ನನ್ನ ಕೈ ಹಂಗ ಓಡಿದ್ದೂ ಸುಳ್ಳಾ?" ಎಂದ. ಆಮೇಲೆ ನಗು ನಿಂತಿತು. "ಅವಗ ಹೇಳಬ್ಯಾಡ. ಜೀವನದಾಗ ಅವಗ ಅದೊಂದು ಐತಿ. ಅದನ್ನೂ ಕಸಗೊಂಡ್ರ ಹೆಂಗ?"

ಬಸ್ಸಿನಲ್ಲಿ ವಾಪಸು ಬರುವಾಗ ಈ ಮಾತು ನನ್ನ ಜೊತೆ ಪಕ್ಕದ ಸೀಟಿನಲ್ಲೇ ಕೂತಿತ್ತು. ಕಾಲುವೆ ನೀರು ಕಂಡ ಹಸಿರು ಗದ್ದೆ ಮುಗಿದು ಬಳ್ಳಾರಿಯ ಕಲ್ಲುಗುಡ್ಡ ಕಾಣುವ ತನಕ ಅದೇ ಯೋಚನೆ. ಅವನ ಒಂದೇ ಒಂದು ದೊಡ್ಡಸ್ತಿಕೆಯನ್ನು ಕಿತ್ತುಕೊಳ್ಳಲು ನಾನು ಯಾರು? ಆದರೆ ಆ ದೊಡ್ಡಸ್ತಿಕೆಯೇ ಅಲ್ಲವೇ ಅವನ ಬಾಯಿ ಹೊಲಿದದ್ದು? ಸರಿ, ಮೊದಲು ನಿಜವಾದ ಹಾಡು ಹೇಗಿತ್ತೆಂದಾದರೂ ಕೇಳೋಣ ಎಂದುಕೊಂಡೆ. ತಡೆದುಕೊಳ್ಳುವ ಸ್ವಭಾವ ನನ್ನದಲ್ಲ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಹಾಡಿನ ವೇಗವನ್ನು ತುಸುತುಸುವೇ ಇಳಿಸುತ್ತ ಹೋದೆ. ಹಿಂದಿನ ಹಾರ್ಮೋನಿಯಂ ಮೊದಲಿನಿಂದ ಕೊನೆಯವರೆಗೆ ಕರಿ ಒಂದರಲ್ಲೇ ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಕೇಳಿದೆ. ಕೊನೆಯ ಚರಣದಲ್ಲಿ ಏರಿಕೆ ಇರಲಿಲ್ಲ, ಅಬ್ಬರ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡ ಹುಡುಗ ಇನ್ನೊಂದು ಬಸ್ಸು ಬಂದೀತೆಂದು ನಂಬಿ ನಿಂತಂತೆ, ತುಂಬುದನಿಯಲ್ಲಿ, ಅವಸರವಿಲ್ಲದೆ ಹಾಡಿದ್ದ. ಎಷ್ಟು ಚೆಂದ ಹಾಡಿದ್ದನೆಂದರೆ ನನಗೆ ಅಳು ಬಂತು. ಅವತ್ತು ಅವರವರ ವಾದ್ಯದಲ್ಲೇ ಮುಳುಗಿದ್ದ ನಾವು ಮೂವರೂ ಇದನ್ನು ಒಂದು ಸಲವೂ ಕಿವಿಗೊಟ್ಟು ಕೇಳಿರಲಿಲ್ಲವಲ್ಲ ಎಂದು ದುಃಖವಾಯಿತು. ಇನ್ನು ಹೇಳದೆ ಇರುವ ಮಾತೇ ಇರಲಿಲ್ಲ.

ಭಾನುವಾರ ಹಾರ್ಮೋನಿಯಂ ಸಮೇತ ಕುರುಗೋಡಿಗೆ ಹೋದೆ. ಅವನು ಗಲ್ಲಾದ ಮುಂದೆ ಕೂತು ಪೇಪರ್ ಓದುತ್ತಿದ್ದ. ಪೆಟ್ಟಿಗೆ ನೋಡಿದ್ದೇ ಹುಬ್ಬು ಗಂಟಿಕ್ಕಿದ.

"ಏನ್ ಮೇಡಂ, ಮಾರಾಕ ತಂದೀರೇನು?"

"ಸುಮ್ನ ಕೂಡು. ಒಂದು ಹಾಡು ಕೇಳಸ್ತೀನಿ, ಹೆಂಗೈತಿ ಹೇಳು."

ಯಾವ ಹಾಡು ಎಂದು ಗೊತ್ತಾಗದಿರಲೆಂದು ಕೊನೆಯ ಚರಣದ ಆಲಾಪವನ್ನಷ್ಟೇ ಹಾಕಿದೆ. ಅವನು ಪೇಪರ್ ಕೆಳಗಿಟ್ಟ, ತಲೆ ಓರೆ ಮಾಡಿ ಕೇಳಿದ.

"ಚೊಲೊ ಹಾಡ್ಯಾನ. ಯಾರು?"

ಅಂಗಡಿಯ ಹಿಂದೆಯೇ ಮನೆ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಕ್ಕುಬಿಟ್ಟಳು. "ಯಾರಂದ್ರ? ನೀವಽ. ದಿನಾ ಜಳಕ ಮಾಡುವಾಗ ಗುನುಗತೀರಲ್ಲಾ, ನನಗ ಗೊತ್ತಾಗಂಗಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿ, "ಆ ಕ್ಯಾಸೆಟ್ಟಿನ್ಯಾಗ ಕಿರಚತಿದ್ದ ಮನುಷಾ ಯಾರೋ, ನಾ ಇವತ್ತಿನ ತನಕಾ ಕಂಡಿಲ್ಲಕ್ಕಾ" ಎಂದಳು.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ಅಮಾವಾಸ್ಯೆ, ಸೆಲ್ಲು, ಕಣ, ಇಲ್ಲದ ಮನೆಗೆ ಹೋಗಿ ನಿಂತ ಹಾರ್ಮೋನಿಯಂ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಪೂರ್ತಿ ಹಾಡು ಕೇಳಿಸಿದೆ. ಮುಗಿಯುವ ಹೊತ್ತಿಗೆ ಅವನ ಮುಖ ಕಪ್ಪಿಟ್ಟಿತ್ತು. ಡ್ರಮ್ಮಿನವನ ಮಾತು ಕೇಳಬೇಕಿತ್ತೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಅಂದ್ರ ನಾ ಏರಸೇ ಇಲ್ಲ?"

"ಇಲ್ಲ."

"ಹಂಗಾದ್ರ ಅವತ್ತು ಗಣಪತಿ ಮುಂದ, ಅಷ್ಟು ಮಂದ್ಯಾಗ, ನಾ ಏನು ಏರಸಾಕ ಹೋಗಿದ್ದೆ?"

ಅವನ ಕಣ್ಣು ತುಂಬಿತ್ತು. "ಕಳಕೊಂಡೆ ಅಂತ ತಿಳಕೊಂಡಿದ್ದೆ" ಎಂದ. "ಇದ್ದಿದ್ದನ್ನ ಕಳಕೊಂಡೆ ಅಂತ."

ಹೆಂಡತಿ ಚಹಾ ಕೆಳಗಿಟ್ಟು ಅವನೆದುರು ಗೊಬ್ಬರದ ಚೀಲದ ಮೇಲೆ ಕೂತಳು. ಅಷ್ಟರಲ್ಲಿ ಬೈಕ್ ನಿಲ್ಲಿಸಿ ಒಬ್ಬ ರೈತ ಬಂದ. "ಸಾವ್ಕಾರ್ರ, ಡಿಎಪಿ ಐತೇನ್ರಿ?"

"ಐತಿ. ಸ್ವಲ್ಪ ಕುಂದ್ರು" ಎಂದವನು, ಕಣ್ಣೊರೆಸಿಕೊಂಡು ನನ್ನ ಕಡೆ ನೋಡದೆಯೇ, "ಶ್ರುತಿ ಕೊಡು" ಎಂದ.

ನಾನು ಕರಿ ಒಂದನ್ನು ಒತ್ತಿ ಹಿಡಿದೆ. ಅವನು ಮೊದಲ ಸಾಲಿಗೆ ಕೆಮ್ಮಿದ, ಎರಡನೆಯದಕ್ಕೆ ತಡವರಿಸಿದ, ಆಮೇಲೆ ದಾರಿ ಸಿಕ್ಕಿತು. ಕೊನೆಯ ಚರಣ ಬಂದಾಗ ಹಳೆಯ ಅಭ್ಯಾಸದಿಂದ ನಾನೇ ಉಸಿರು ಬಿಗಿಹಿಡಿದೆ. ಅವನು ಏರಿಸಲಿಲ್ಲ. ಹೆಂಡತಿಯ ಮುಖ ನೋಡುತ್ತ, ಶುರುಮಾಡಿದ ಮನೆಯಲ್ಲೇ ನಿಂತು ಹಾಡು ಮುಗಿಸಿದ.