ಡೊಂಬಯ್ಯನ ಏಳರ ಮಗ್ಗಿ

ಏಳರ ಮಗ್ಗಿ ಕಿವಿಗೆ ಬಿದ್ದರೆ ಸಾಕು, ಡೊಂಬಯ್ಯನಿಗೆ ಈಗಲೂ ಮೈ ಉರಿಯುತ್ತದೆ. ಮೂರನೇ ಕ್ಲಾಸಿನಲ್ಲಿ ಏಳೆಂಟ್ಲಕ್ಕೆ ಬಂದು ತಡವರಿಸಿದಾಗ ಜಯಪ್ರಕಾಶ ಮಾಸ್ಟ್ರು, "ಹೊರಗೆ ನಡಿ, ಕಲಿತ ಮೇಲೆ ಒಳಗೆ ಬಾ" ಅಂದರು. ಅವನು ನಡೆದ. ಬಾವಿ ತೋಡುವ ಸೋದರಮಾವನ ಬೆನ್ನು ಹಿಡಿದು ಬಾವಿಗೇ ಇಳಿದ. ಹೊರಗೆ ಹಾಕಿದ ಸಿಟ್ಟಾದರೆ ಎರಡು ಮಳೆಗಾಲಕ್ಕೆ ತೊಳೆದುಹೋಗುತ್ತಿತ್ತೋ ಏನೋ. ಮಾಸ್ಟ್ರು ಹುಡುಕಿಕೊಂಡು ಬರಲಿಲ್ಲವಲ್ಲ, ಅದು ಮಾತ್ರ ತೊಳೆದುಹೋಗಲಿಲ್ಲ. ರಸ್ತೆ ಬದಿಯ ಹಂಚಿನ ಮನೆಗಳ ಮಕ್ಕಳು ಎರಡು ದಿನ ತಪ್ಪಿಸಿಕೊಂಡರೆ ಮಾಸ್ಟ್ರು ಕೊಡೆ ಹಿಡಿದು ವಿಚಾರಿಸಲು ಹೋಗುತ್ತಿದ್ದರು. ಇವನ ಗುಡ್ಡದ ಮೇಲಿನ ಹುಲ್ಲಿನ ಮನೆಗೆ ಹತ್ತಲು ಯಾರ ಕಾಲೂ ಏಳಲಿಲ್ಲ.

ಹಾಗೆ ನಲವತ್ತೊಂದು ವರ್ಷ ಆಯಿತು. ಬೆಳ್ತಂಗಡಿ ತಾಲೂಕಿನಲ್ಲಿ ಅವನು ತೋಡಿದ ಬಾವಿಗಳೇ ನೂರ ಮೂವತ್ತು. ಹಾರೆಯಿಂದ ಕಲ್ಲಿಗೊಂದು ಕುಟ್ಟಿ, ಸದ್ದು ಕೇಳಿ, ನೀರಿಗೆ ಇನ್ನೆಷ್ಟು ಕೋಲು ಆಳ ಇಳಿಯಬೇಕೆಂದು ಹೇಳುವ ಗಟ್ಟಿಗ. ಉಜಿರೆಯಲ್ಲಿ ಬಿ.ಎ. ಓದುವ ಮಗಳು ದೀಕ್ಷಿತಾ ಒಮ್ಮೆ, "ಅಪ್ಪ, ಶಿಕ್ಷಣ ಅಂದ್ರೆ ಸಮಾಜದಲ್ಲಿ ಮೇಲೆ ಹತ್ತುವ ಏಣಿ ಅಂತ ನಮ್ಮ ಪುಸ್ತಕದಲ್ಲಿ ಉಂಟು" ಅಂದಳು.

"ಏಣಿ ಇರುದು ಹೌದು. ಬಾವಿಯ ಒಳಗಿದ್ದವನಿಗೆ ಅದನ್ನು ಇಳಿಸಿ ಕೊಡುದು ಯಾರು ಅಂತ ಬರ್ದಿದ್ದಾರಾ? ಇಲ್ಲ ಅಲ್ವಾ? ಮುಚ್ಚು ಪುಸ್ತಕ!"

ಕಳೆದ ಜನವರಿಯಲ್ಲಿ ಅದೇ ಶಾಲೆಯ ವಾರ್ಷಿಕೋತ್ಸವ. ಶಾಲೆಗೆ ಪುಕ್ಕಟೆ ಬಾವಿ ತೋಡಿಕೊಟ್ಟ ಡೊಂಬಯ್ಯನಿಗೆ ಸನ್ಮಾನ, ನರಿಕೊಂಬಿನಿಂದ ಬಂದ ನಿವೃತ್ತ ಜಯಪ್ರಕಾಶ ಮಾಸ್ಟ್ರಿಗೂ ಸನ್ಮಾನ. ಕುರ್ಚಿಗಳು ಅಕ್ಕಪಕ್ಕ. ಡೊಂಬಯ್ಯ ಒಪ್ಪಿದ್ದು ಶಾಲಿನ ಆಸೆಗಲ್ಲ. ಊರಿನ ಎದುರು, ಮೈಕಿನಲ್ಲಿ, ಮಾಸ್ಟ್ರ ಬಾಯಿಂದ 'ತಪ್ಪಾಯಿತು' ಎಂಬ ಒಂದು ಮಾತು ಹೊರಡಿಸಬೇಕೆಂದು.

ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಮಡಿಲಿಗೆ ಬಂತು. ಮಾನಪತ್ರ ಓದಲು ನಿಂತವರು ಅತಿಥಿ ಶಿಕ್ಷಕ ಸೃಜನ್. ಶಾಲೆಗೆ ಬಂದು ಮೂರೇ ದಿನ, ಇಬ್ಬರ ಮುಖವೂ ಗೊತ್ತಿಲ್ಲ. ಎರಡು ಮಾನಪತ್ರಗಳಲ್ಲೂ ಹೆಸರು ಇರುವುದು ಕಟ್ಟಕಡೆಯ ಸಾಲಿನಲ್ಲಿ. ಸೃಜನ್ ಸೀದಾ ಡೊಂಬಯ್ಯನತ್ತ ತಿರುಗಿ ಮಾಸ್ಟ್ರ ಮಾನಪತ್ರವನ್ನು ಓದತೊಡಗಿದರು.

"ಮಾನ್ಯರೇ, ಎಂ.ಎ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದ ತಾವು..."

ಮುಂದಿನ ಸಾಲಿನಿಂದ ಹೆಂಡತಿ ಪೂವಮ್ಮ, "ಅಯ್ಯೋ ದೇವರೇ, ಎಂ.ಎ. ಯಾವಾಗ ಮಾಡಿದ್ರು? ನನ್ನ ಹತ್ರ ಹೇಳ್ಲೇ ಇಲ್ಲ!" ಅಂದಳು. ಚಪ್ಪರವೇ ಬಿದ್ದುಬಿದ್ದು ನಕ್ಕಿತು. ದೀಕ್ಷಿತಾ ಸರಿಪಡಿಸಲು ಎದ್ದಳು. ಅಪ್ಪ ಕಣ್ಣಿನಲ್ಲೇ ಕೂರಿಸಿದ. ಎಂ.ಎ. ಆಗಿ ಎರಡು ನಿಮಿಷ ಕೂರುವುದು ಅಷ್ಟೇನೂ ಕೆಟ್ಟದಿರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು.

"ಕೈಗೆ ಬಂದ ಒಂದೇ ಒಂದು ಮಗುವನ್ನೂ ತಾವು ನಡುನೀರಿನಲ್ಲಿ ಬಿಟ್ಟವರಲ್ಲ..."

ಡೊಂಬಯ್ಯ ಜಿಗಿದು ಎದ್ದ. ಹಣ್ಣುಗಳು ವೇದಿಕೆಯ ತುಂಬ ಉರುಳಿದವು. ಮೈಕು ಕಸಿದುಕೊಂಡು, "ಸುಳ್ಳು! ಒಬ್ಬನನ್ನು ಬಿಟ್ಟಿದ್ದೇನೆ!" ಎಂದು ಗುಡುಗಿದ.

ಹೇಳಬೇಕೆಂದಿದ್ದದ್ದು 'ಬಿಟ್ಟಿದ್ದಾರೆ' ಎಂದು. ಎಂ.ಎ. ತಲೆಗೇರಿತ್ತು. ಹೊರಟ ಮಾತನ್ನು ಹಿಂದೆ ಎಳೆಯುವ ಜಾಯಮಾನ ಅವನದಲ್ಲ.

"ಏಳರ ಮಗ್ಗಿಗೆ ಒಬ್ಬ ಹುಡುಗನನ್ನು ಹೊರಗೆ ಹಾಕಿದವ ನಾನೇ! ಅವನ ಮನೆ ಗುಡ್ಡದ ಮೇಲೆ ಇತ್ತು. ಒಂದು ದಿನ ಹತ್ತಿ ಹೋಗಿ ಕೇಳ್ಲಿಲ್ಲ. ತಪ್ಪಾಯ್ತು ಮಾರಾಯ್ರೇ, ತಪ್ಪಾಯ್ತು!"

ಮಾಸ್ಟ್ರು ನಿಧಾನವಾಗಿ ಎದ್ದರು. ಪೇಟ ಕಿವಿಗೆ ಜಾರಿತ್ತು. ಮಕ್ಕಳ ಹಾಗೆ ಕೈಕಟ್ಟಿ ಡೊಂಬಯ್ಯನ ಮುಂದೆ ನಿಂತರು.

"ಸಾರ್, ಆ ಹುಡುಗ ನಾನೇ ಅಂತ ಇಟ್ಕೊಳ್ಳಿ. ಈಗ ಒಪ್ಪಿಸ್ಲಾ?"

"ಹೂಂ. ಜೋರಾಗಿ!"

"ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..." ಏಳೇಳ್ಲ ನಲವತ್ತೊಂಬತ್ತರವರೆಗೆ ರೈಲಿನ ಹಾಗೆ ಓಡಿತು. "ಏಳೆಂಟ್ಲ..." ಅಲ್ಲಿ ಮಾಸ್ಟ್ರ ಮಗ್ಗಿ ನಿಂತಿತು. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.

"ಐವತ್ತಾರು!" ಎಂದು ಮಕ್ಕಳೆಲ್ಲ ಕಿರುಚಿದರು.

"ಯಾರೂ ಹೇಳಿಕೊಡ್ಬೇಡಿ!" ಡೊಂಬಯ್ಯನ ಕಣ್ಣಿನಲ್ಲೂ ನೀರು, ನಗೆಯದೋ ಬೇರೆಯದೋ. "ಹೊರಗೆ ನಡೀರಿ ಮಾಸ್ಟ್ರೇ! ಕಲಿತು ಬನ್ನಿ!"

ಚಪ್ಪರದಲ್ಲಿ ಎದ್ದ ನಗೆಗೆ ಜನರೇಟರಿನ ಸದ್ದೂ ಕೇಳದಾಯಿತು. ಮಾಸ್ಟ್ರು ನಿಜವಾಗಿಯೂ ಮೆಟ್ಟಲಿಳಿದು ಹೊರಗೆ ನಡೆದರು, ಹೆಗಲಲ್ಲಿ ಶಾಲು ಹಾಗೆಯೇ.

ಮುಂದಿನ ಭಾನುವಾರ ಡೊಂಬಯ್ಯ ಗುಡ್ಡದ ಮೇಲಿನ ತನ್ನ ಮನೆಯಂಗಳದಲ್ಲೇ ಹೊಸ ಬಾವಿಯೊಳಗೆ ಆರು ಕೋಲು ಕೆಳಗಿದ್ದ. ಮೇಲೆ ದುಂಡಗಿನ ಆಕಾಶದಲ್ಲಿ ಒಂದು ಕೊಡೆ ಕಾಣಿಸಿತು. ಏದುಸಿರು ಬಿಡುತ್ತಾ ಯಾರೋ ಕೇಳಿದರು:

"ಡೊಂಬಯ್ಯ ಇದ್ದಾನಾ?"

ಹಾರೆ ನಿಂತಿತು.

"ಇದ್ದಾನೆ. ಎಂಥ ಕೆಲ್ಸ?"

"ಮಗ್ಗಿ ಒಪ್ಪಿಸ್ಲಿಕ್ಕೆ ಬಂದೆ ಮಾರಾಯ."

"ಈಗ ಪುರುಸೊತ್ತಿಲ್ಲ! ಬರುವ ವಾರ ಬನ್ನಿ!"

ಅಂದಿನಿಂದ ಮಾಸ್ಟ್ರು ಭಾನುವಾರದ ಬಸ್ಸು ಹಿಡಿದು ಬರುತ್ತಾರೆ, ಗುಡ್ಡ ಹತ್ತುತ್ತಾರೆ, ಪೂವಮ್ಮನ ನೀರುದೋಸೆ ತಿನ್ನುತ್ತಾರೆ. ಮಗ್ಗಿಗೆ ಬಾಯಿ ತೆರೆದರೆ ಮಾತ್ರ ಡೊಂಬಯ್ಯ ಸಿಡುಕುತ್ತಾನೆ: "ಇವತ್ತು ಬೇಡ ಮಾಸ್ಟ್ರೇ, ಇವತ್ತು ನನಗೆ ತಲೆನೋವು." ಏಳೆಂಟ್ಲ ಇನ್ನೂ ಬಾಕಿಯೇ ಇದೆ.