ಪುಟ ತಿರುವದ ಮಾರ್ಥಮ್ಮ

ಮಾರ್ಥಮ್ಮ ಬೈಬಲ್ ಓದುವಾಗ ಪುಟ ತಿರುವುತ್ತಿರಲಿಲ್ಲ. ಶಹಾಪುರದ ನಮ್ಮ ಮನೆಯ ಗೇಟಿನ ಮುಂದೆ, ವರ್ಷಗಟ್ಟಲೆ, ದಿನವೂ ಬೆಳಿಗ್ಗೆ ಏಳಕ್ಕೆ ನಿಂತು ಆಕೆ ತೆರೆಯುತ್ತಿದ್ದದ್ದು ಒಂದೇ ಪುಟ. ಬಿಳಿ ಸೀರೆ, ಕೊರಳಲ್ಲಿ ಅಳತೆಯ ಟೇಪು, ಮುರಿದ ಕಡ್ಡಿಗೆ ದಾರ ಸುತ್ತಿದ ಚಸ್ಮಾ. ಓದು ಎಂದರೂ ಅದು ಓದಲ್ಲ. ಪುಟದ ಮೇಲೆ ಬೆರಳಿಟ್ಟು, ನಮ್ಮ ಓಣಿಯ ಮಾತಿನಲ್ಲೇ ಕಥೆ ಹೇಳುತ್ತಿದ್ದಳು.

"ಯೇಸುಸ್ವಾಮಿಗೆ ಆಗ ಹನ್ನೆರಡು ವರ್ಷ. ತಾಯಿ ತಂದಿ ಕೂಡ ಹಬ್ಬಕ್ಕ ಯೆರೂಸಲೇಮಿಗೆ ಹೋಗಿದ್ದ. ಹೊಳ್ಳಿ ಬರೂಮುಂದ ಮಗ ಅಲ್ಲೇ ಉಳದ. ಮಂದಿ ಜೋಡಿ ಬರಾಕತ್ತಾನ ಅಂತ ತಾಯಿ ಮರಿಯಮ್ಮ ಒಂದು ದಿನದ ಹಾದಿ ನಡದ್ಲು. ಆಮ್ಯಾಲ ನೋಡ್ತಾಳ, ಮಗ ಇಲ್ಲ. ಬಳಗದಾಗ ಹುಡುಕಿದ್ಲು, ಗುರ್ತಿನವರಾಗ ಹುಡುಕಿದ್ಲು, ಹೊಳ್ಳಿ ಊರಿಗೇ ಹೋದ್ಲು. ಮೂರನೇ ದಿನಕ್ಕ ಗುಡಿಯಾಗ ಸಿಕ್ಕ. ಶಾಣ್ಯಾ ಮಂದಿ ನಡುವ ಕುಂತು ಪ್ರಶ್ನಿ ಕೇಳಾಕತ್ತಿದ್ದ."

ಇಲ್ಲಿಗೆ ನಿಲ್ಲಿಸಿ, ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತ ನನ್ನ ಅಪ್ಪನನ್ನು ನೇರವಾಗಿ ನೋಡಿ, "ಇವತ್ತಿನ ಧ್ಯಾನ," ಎನ್ನುವಳು. ಧ್ಯಾನವೆಂದರೆ ಒಂದೆರಡು ಮಾತು. "ಆ ತಾಯಿ ನಡದ ಹಾದ್ಯಾಗ ಯಾರೂ ತಗ್ಗು ತೋಡಿ ಬಿಟ್ಟಿದ್ದಿಲ್ಲ." ಇಲ್ಲವೆ, "ಮರಿಯಮ್ಮಗೂ ಮೂರು ದಿನ, ನನಗೂ ಮೂರು ದಿನ. ಆಕಿಗೆ ಮಗ ಸಿಕ್ಕ." ಅಷ್ಟು ಹೇಳಿ ಬೈಬಲ್ ಮುಚ್ಚಿ ಹೋಗಿಬಿಡುವಳು. ಮರುದಿನ ಧ್ಯಾನ ಬೇರೆ, ಕಥೆ ಅದೇ.

ಒಮ್ಮೆ ಅಪ್ಪ ಪೊಲೀಸರನ್ನು ಕರೆಸಿದ. "ಏನಮ್ಮಾ, ದಿನಾ ಇವರ ಮನಿ ಮುಂದ ಗದ್ದಲ?" ಎಂದು ಪೇದೆ ಕೇಳಿದರೆ, "ದೇವರ ಮಾತು ಹೇಳಾಕತ್ತೇನ್ರಿ. ಒಂದರ ಬೈಗುಳ ಕಿವಿಗೆ ಬಿತ್ತೇನ್ರಿ ಸಾಹೇಬ್ರ?" ಎಂದಳು. ಅವರು ಅಪ್ಪನ ಮುಖ ನೋಡಿ, ಆಕೆಯ ಮುಖ ನೋಡಿ, ಗಾಡಿ ಹತ್ತಿ ಹೋದರು.

ಮಾರ್ಥಮ್ಮ ಯಾವಾಗಲೂ ಹೀಗಿರಲಿಲ್ಲ. ಆಕೆ ನಮ್ಮ ಓಣಿಯ ದರ್ಜಿ. ಗಂಡ ತೀರಿದ ಮೇಲೆ ಒಂದು ಹೊಲಿಗೆ ಮಷೀನಿನಿಂದ ಮಗನನ್ನು ಸಾಕಿದವಳು. ನನ್ನ ಲಂಗ, ಫ್ರಾಕು, ಶಾಲೆಯ ಸಮವಸ್ತ್ರ ಎಲ್ಲ ಅವಳ ಕೈಯವೇ. "ಟೇಪ್ ಸುಳ್ಳು ಹೇಳೂದಿಲ್ಲ ಸರೂ, ಹೊಟ್ಟಿ ಒಳಗ ಎಳಕೋಬ್ಯಾಡ," ಎಂದು ನನ್ನ ಸೊಂಟಕ್ಕೆ ಗುದ್ದಿ ನಗುತ್ತಿದ್ದಳು. ಬೆಳಿಗ್ಗೆ ಮಷೀನು ತುಳಿಯುವ ಮೊದಲು ಮಗ ಸ್ಯಾಮುವೇಲನನ್ನು ಎದುರಿಗೆ ಕೂಡಿಸಿಕೊಂಡು ಒಂದು ಸುವಾರ್ತೆಯ ಕಥೆ, ಕಥೆಗೊಂದು ಧ್ಯಾನ. ಆಗ ಪುಟಗಳು ತಿರುಗುತ್ತಿದ್ದವು. ಸ್ಯಾಮುವೇಲ ನನ್ನ ತರಗತಿಯವನು. ಧ್ಯಾನದ ನಡುವೆ ಅವನು ನನಗೆ ಕಣ್ಣು ಹೊಡೆದರೆ ಆಕೆಯ ಕೈಯ ಮೊಳದಕೋಲು ಅವನ ಮಂಡಿಗೆ ಬೀಳುತ್ತಿತ್ತು.

ನಮಗಿಬ್ಬರಿಗೂ ಹನ್ನೆರಡು ವರ್ಷ. ಅಪ್ಪ ರಸ್ತೆ ಕೆಲಸದ ಗುತ್ತಿಗೆದಾರ. ದೋರನಹಳ್ಳಿ ಕಡೆಯ ಕಾಲುದಾರಿಯ ಪಕ್ಕ ರಸ್ತೆಗೆ ಹಾಕುವ ಗರಸು ಮಣ್ಣಿಗಾಗಿ ನೆಲ ತೋಡಿಸಿದ್ದ. ಅದಕ್ಕೆ ಪರವಾನಗಿ ಇರಲಿಲ್ಲ, ಸುತ್ತ ಬೇಲಿಯೂ ಇರಲಿಲ್ಲ. ಶ್ರಾವಣದ ಮಳೆಗೆ ತಗ್ಗು ದಂಡೆಯವರೆಗೆ ತುಂಬಿತ್ತು.

ಆ ಸಂಜೆ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಲ್ಲಪ್ಪ ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲೊಂದು ಪಾಟಿಚೀಲ. ಸಮವಸ್ತ್ರದ ಉಳಿಕೆ ಬಟ್ಟೆಯಲ್ಲಿ ಹೊಲಿದ ನೀಲಿ ಚೀಲ. ಅಂಥ ಚೀಲ ಇಡೀ ಶಾಲೆಯಲ್ಲಿ ಒಬ್ಬನಿಗೇ ಇತ್ತು.

"ತಗ್ಗಿನ ದಂಡಿಗೆ ಬಿದ್ದಿತ್ರಿ ಧಣಿ. ಯಾವುದೋ ಹುಡುಗ ನೀರಿಗೆ ಬಿದ್ದಾನಂತ ಕಾಣ್ತದ. ಮಂದೀನ್ನ ಕರೀಲೇನ್ರಿ?"

ಅಪ್ಪ ಚೀಲವನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ, "ನಾಳಿ ಕೆಲಸ ನೋಡಾಕ ಇಂಜಿನಿಯರ್ ಬರ್ತಾನ. ಈಗ ತಗ್ಗಿನ ಹೆಸರು ಎತ್ತಿದ್ರ ನಾ ಮುಳುಗ್ತೀನಿ. ಆ ಚೀಲಾನ ನೀರೊಲಿ ಬೆಂಕಿಗೆ ಹಾಕು," ಎಂದ. ತಿರುಗಿದವನಿಗೆ ನಾನು ಕಂಡೆ. "ನೀ ಏನೂ ಕೇಳಿಲ್ಲ."

ದೀಪ ಹಚ್ಚುವ ಹೊತ್ತಿಗೆ ಮಾರ್ಥಮ್ಮ ಬಂದಳು. "ಸಾಮ್ಯಾ ನಿನ್ನ ಕೂಡ ಬಂದನೇನ ಸರೂ?" ಎಂದು ನನ್ನನ್ನು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅಪ್ಪ, "ಹುಡುಗೂರ ಬುದ್ಧಿ ತಂಗಿ, ರೈಲು ನೋಡಾಕ ಹೋಗಿರ್ತಾನ. ಯಾದಗಿರಿ ಸ್ಟೇಷನ್ನಿಗೆ ಹೋಗಿ ನೋಡು," ಎಂದು ತನ್ನ ಜೀಪನ್ನೇ ಕೊಟ್ಟು ಕಳಿಸಿದ. ದೊಡ್ಡ ಮನಸ್ಸು ಎಂದು ಓಣಿಯವರು ಹೊಗಳಿದರು. ಮರುದಿನ ಆಕೆ ಅದೇ ಜೀಪಿನಲ್ಲಿ ಗೋಗಿಗೆ ಹೋದಳು, ಅಲ್ಲಿಂದ ಸುರಪುರಕ್ಕೆ. ಮೂರನೆಯ ದಿನ ಸ್ಯಾಮುವೇಲ ತಾನಾಗಿಯೇ ನೀರಿನ ಮೇಲೆ ಬಂದ. ಕಾಲು ಜಾರಿ ಬಿದ್ದು ಸತ್ತನೆಂದು ಬರೆದುಕೊಂಡರು.

ಮಣ್ಣು ಮಾಡಿದ ಎಂಟನೆಯ ದಿನದಿಂದ ಆಕೆ ನಮ್ಮ ಗೇಟಿಗೆ ಬರತೊಡಗಿದಳು. ಪಾದ್ರಿಗಳು ಬಂದು, ಕ್ಷಮಿಸಬೇಕು, ಕರ್ತನೇ ಕ್ಷಮಿಸಿಲ್ಲವೇ ಎಂದರಂತೆ. "ಕರ್ತ ತನ್ನ ಹೊಡದವರನ್ನ ತಾ ಕ್ಷಮಿಸಿದನ್ರಿ. ನನ್ನ ಮಗನ್ನ ಕೊಂದವನ್ನ ನನ್ನ ಮಗ ಬಂದು ಕ್ಷಮಿಸಲಿ," ಎಂದಳಂತೆ. ಬೇಲಿ ಹಾಕದ್ದಕ್ಕೆ ಅಪ್ಪನಿಗೆ ಆಕೆ ಕೊಟ್ಟ ಶಿಕ್ಷೆ ಅದು. ಉಳಿದದ್ದು ಆಕೆಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾನು ಕಿಟಕಿಯ ಹಿಂದೆ ನಿಂತು ದಿನವೂ ಕೇಳಿಸಿಕೊಳ್ಳುತ್ತಿದ್ದೆ.

ಏಳು ವರ್ಷ ಹೀಗೇ ಕಳೆದವು. ಯಾದಗಿರಿಯಲ್ಲಿ ಪದವಿ ಓದುತ್ತಿದ್ದ ನಾನು ರಜೆಗೆ ಬಂದಾಗ ಒಂದು ಕುಪ್ಪಸದ ಬಟ್ಟೆ ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಆಕೆ ಹೊಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮಷೀನು ನಿಲ್ಲಲಿಲ್ಲ. ಹೊಲಿಗೆ ಮುಗಿಸಿ, ದಾರ ಕಚ್ಚಿ ಹರಿದು, ಆಮೇಲೆ ತಲೆಯೆತ್ತಿದಳು.

"ಚೀಲ ತಂದಾಗ ಎಷ್ಟು ಗಂಟಿ ಆಗಿತ್ತು?"

"ಐದು ಆಗಿತ್ತು."

"ಸಾಲಿ ಬಿಡೂದು ನಾಕೂವರಿಗೆ. ಬಿದ್ದು ಅರ್ಧ ತಾಸೂ ಆಗಿದ್ದಿಲ್ಲ." ಆಕೆಯ ತುಟಿ ಅಲುಗಿತು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. "ಮೂರು ದಿನ ನನ್ನ ನಾಯಿ ಹಂಗ ತಿರುಗಿಸಿದ. ತನ್ನ ಜೀಪಿನಾಗ. ನೀ ಏಳು ವರ್ಷ ಎಲ್ಲಿದ್ದಿ?"

"ಅಂಜಿದ್ದೆ ಮಾರ್ಥಮ್ಮಾ. ಪೊಲೀಸ್ರ ಮುಂದ ಹೇಳ್ತೀನಿ ಈಗ."

"ಅವರ ಮುಂದ ಆಮ್ಯಾಲ ಹೇಳೀಯಂತ. ಮೊದಲ ಅವನ ಮುಂದ ಹೇಳು. ಅವ ಚಹಾ ಕುಡಿಯೂಮುಂದ."

ಮರುದಿನ ಏಳಕ್ಕೆ ಆಕೆ ಬಂದಳು. ಹಾಲಿಗೆ ಹೊರಟವರು, ಸುರಪುರದ ಬಸ್ಸಿಗೆ ಹೊರಟವರು ಎಂದಿನಂತೆ ದಾಟುತ್ತಿದ್ದರು. ಕಥೆ ಮುಗಿಯಿತು. ಅಪ್ಪನನ್ನು ನೋಡುವ ಬದಲು ಆಕೆ ಕಿಟಕಿಯ ಕಡೆ ನೋಡಿದಳು.

"ಬಾ ಸರೂ. ಇವತ್ತಿನ ಧ್ಯಾನ ನೀ ಹೇಳು."

ಅವ್ವ ನನ್ನ ಸೆರಗು ಹಿಡಿದಳು. ಬಿಡಿಸಿಕೊಂಡು ಹೊರಗೆ ಹೋದೆ. ನೀಲಿ ಚೀಲದ ಮಾತು, ನೀರೊಲೆಯ ಮಾತು, ಜೀಪಿನ ಮಾತು ಹೇಳಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. "ಜೋರಲೇ ಹೇಳು," ಎಂದಳು ಮಾರ್ಥಮ್ಮ. ಮತ್ತೆ ಮೊದಲಿನಿಂದ ಜೋರಾಗಿ ಹೇಳಿದೆ. ಅಂಗಳದಲ್ಲಿದ್ದ ಮಲ್ಲಪ್ಪ ನೆಲಕ್ಕೆ ಕುಸಿದು, "ಖರೇ ಅದ್ರಿ, ನಾನೇ ಸುಟ್ಟೀನಿ," ಎಂದು ಹಣೆ ಬಡಿದುಕೊಂಡ. ಅಪ್ಪ ಚಹಾದ ಬಸಿಯನ್ನು ಕೆಳಗಿಡಲು ಹೋದ. ಅದು ಕೆಳಗಿನ ಮೆಟ್ಟಿಲಿಗೆ ಬಿದ್ದು ಒಡೆಯಿತು. ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ಮಧ್ಯಾಹ್ನದ ಹೊತ್ತಿಗೆ ದೂರದ ದೇವಾಪುರದವರೂ ನೋಡಿಯಾಗಿತ್ತು.

ಕೇಸು ನಡೆಯಿತು. ಅಪ್ಪ ಕೆಲವು ತಿಂಗಳು ಒಳಗಿದ್ದು ಬಂದ. ಬಂದ ಮರುದಿನ ಏಳಕ್ಕೆ ಮಾರ್ಥಮ್ಮ ಗೇಟಿನಲ್ಲಿದ್ದಳು. ನಮ್ಮ ಪಡಸಾಲೆಗೆ ಈಗ ಯಾರೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಎದ್ದು ಬರಿಗಾಲಲ್ಲಿ ಗೇಟಿನ ತನಕ ಹೋಗಿ ಕೈಮುಗಿದ.

"ಸಾಕು ಮಾಡು ತಂಗಿ. ನನ್ನ ಮಾಫ್ ಮಾಡು."

"ಮಾಫಿ ನನ್ನ ಕಡಿ ಇಲ್ಲಣ್ಣಾ. ಕೆಲಸ ಒಂದದ, ಮಾಡ್ತೀಯೇನು?" ಆಕೆಯ ದನಿ ತಣ್ಣಗಿತ್ತು. "ಯಾದಗಿರಿ, ಗೋಗಿ, ಸುರಪುರ. ಮೂರು ದಿನ. ನಾ ತಿರುಗಿದಲ್ಲೆಲ್ಲ ತಿರುಗು. ಕಂಡವರನ್ನೆಲ್ಲ ಕೇಳು, ನನ್ನ ಹುಡುಗನ್ನ ನೋಡೀರೇನು ಅಂತ. ಸಿಗೂದಿಲ್ಲ ಅಂತ ಗೊತ್ತಿದ್ದೂ ಕೇಳು."

ಅಪ್ಪ ಹೋದ. ಜೊತೆಗೆ ನಾನೂ ಹೋದೆ. ಯಾದಗಿರಿ ಸ್ಟೇಷನ್ನಿನ ಚಹಾದವನ ಮುಂದೆ ನಿಂತು, "ಹನ್ನೆರಡು ವರ್ಷದ ಹುಡುಗ, ನೋಡೀರೇನ್ರಿ?" ಎಂದ. "ನಿಮ್ಮ ಮಗನೇನ್ರಿ? ಯಾವಾಗ ಕಳದಾನ್ರಿ?" ಎಂದು ಅವನು ಕಾಳಜಿಯಿಂದ ಕೇಳಿದಾಗ ಅಪ್ಪ ಮುಂದಿನ ಅಂಗಡಿಯತ್ತ ಸರಿದ. ಗೋಗಿಯಲ್ಲಿ ಆಟೋದವರು ಗುರುತು ಹಿಡಿದು ಮುಖ ತಿರುಗಿಸಿದರು. ಸುರಪುರದಲ್ಲಿ ಒಬ್ಬ ಮುದುಕಿ ಅಪ್ಪನ ಕೈಹಿಡಿದು, "ಸಿಗ್ತಾನ ಬಿಡೋ ಯಪ್ಪಾ, ದೇವರ ಕೈ ಬಿಡೂದಿಲ್ಲ," ಎಂದಳು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಅಪ್ಪ ಅತ್ತ.

ಮೂರನೆಯ ಸಂಜೆ ಆಕೆಯ ಬಾಗಿಲಿಗೆ ಹೋದೆವು. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ, ಅಳತೆ ತೆಗೆಯುವವಳಂತೆ ನೋಡಿದಳು.

"ಸಿಕ್ಕನೇನು?"

ಅಪ್ಪ ಇಲ್ಲವೆಂದು ತಲೆಯಾಡಿಸಿದ.

"ನನಗೂ ಸಿಗಲಿಲ್ಲ," ಎಂದು ಬಾಗಿಲು ಮುಚ್ಚಿದಳು.

ಮರುದಿನದಿಂದ ಆಕೆ ನಮ್ಮ ಗೇಟಿಗೆ ಬರಲಿಲ್ಲ. ಕ್ಷಮಿಸಿರಬಹುದು ಎಂದು ಅವ್ವ ಒಮ್ಮೆ ಬಾಯಿಬಿಟ್ಟು ಅಂದಳು. ನಾನು ಹೋಗಿ ಕೇಳಿಯೇಬಿಟ್ಟೆ. "ಇಲ್ಲ," ಎಂದಳು ಮಾರ್ಥಮ್ಮ, ಸೂಜಿಗೆ ದಾರ ಪೋಣಿಸುತ್ತ. "ಹೇಳೂದು ಮುಗೀತು, ಅಷ್ಟ." ನನ್ನನ್ನು ಕ್ಷಮಿಸಿದ್ದಾಳೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮಗನ ಪಕ್ಕದಲ್ಲೇ ಕುಣಿ ತೋಡಿದ್ದರು. ಅಪ್ಪನೂ ಬಂದಿದ್ದ. ಸಮಾಧಿಯಂಗಳದ ಗೋಡೆಯ ಹೊರಗೆ, ಒಂದು ಹಿಡಿ ಮಣ್ಣು ಹಿಡಿದು, ಕರೆದರೆ ಒಳಗೆ ಬರುವವನಂತೆ ನಿಂತಿದ್ದ. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದು, ತಲೆ ತಗ್ಗಿಸಿ ಹೇಳಿದರು: "ಸರೂ ಮಣ್ಣು ಹಾಕಲಿ, ಅವರಪ್ಪ ಬ್ಯಾಡ ಅಂತ ಹೇಳ್ಯಾಳಮ್ಮಾ. ಎರಡು ಸಲ ಹೇಳ್ಯಾಳ."

ನಾನು ಮೂರು ಹಿಡಿ ಹಾಕಿದೆ. ಆಮೇಲೆ ಹೊರಗೆ ಬಂದೆ.

"ಏನಂದ್ರು?" ಎಂದ ಅಪ್ಪ. ಮುದುಕನಾಗಿದ್ದ. ಜನ ಬಹಳ ಇದ್ದಾರೆ, ಇನ್ನೊಮ್ಮೆ ಬರೋಣ ಎಂದು ಸುಳ್ಳು ಹೇಳಬಹುದಿತ್ತು.

"ನಿಮ್ಮ ಮಣ್ಣು ಬ್ಯಾಡ ಅಂದಾಳಂತರಿ ಅಪ್ಪಾ," ಎಂದೆ.