ಚೈನ್‌ಮನ್, ನವಲಗುಂದ: ನಾನು ಅಳಿಸಿದ ಸಾಲು

ಇಲ್ಲ... ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೇ ಫೋನ್ ಇಟ್ಟೆ.
ಮೊನ್ನೆ ಸಂಜೆಯಷ್ಟೇ ಮೆಸೇಜ್ ಮಾಡಿದ್ದರು...
ಅದಕ್ಕೆ ನಾನಿನ್ನೂ ಉತ್ತರವನ್ನೇ ಕೊಟ್ಟಿಲ್ಲ.

ನಮ್ಮ ದುರಗಪ್ಪ ಸರ್ ಇನ್ನಿಲ್ಲ.
ಇವತ್ತು ಬೆಳಿಗ್ಗೆ, ಮೊರಬದ ತಮ್ಮ ಮನೆಯಲ್ಲಿ, ಚಹಾ ಕುಡಿಯುತ್ತ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಹಾರ್ಟ್ ಅಟ್ಯಾಕ್.

ಅವರನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಗಡಿಯಲ್ಲಿ ಏನಾದರೂ ಗದ್ದಲವಾದರೆ ಆರು ಜನ ಕೂಗಾಡುವ ಡಿಬೇಟ್ ಇರುತ್ತದಲ್ಲ... ಅದರಲ್ಲಿ ಮೂಲೆಯ ಚೌಕದಲ್ಲಿ ಸುಮ್ಮನೆ ಕೂತಿರುತ್ತಿದ್ದ ಬೋಳುತಲೆಯವರು. ಅವರೇ.

ದೆಹಲಿಯ ಒಂದು ಭದ್ರತಾ ಅಧ್ಯಯನ ಕೇಂದ್ರದಲ್ಲಿ ಅವರು ಗಡಿ ವಿವಾದಗಳ ತಜ್ಞರು. ನಾನು ಅಲ್ಲಿ ವೆಬ್‌ಸೈಟ್ ನೋಡಿಕೊಳ್ಳುವವಳು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಅವರದು ಮೊರಬ, ನನ್ನದು ಅಣ್ಣಿಗೇರಿ.
ಇಬ್ಬರೂ ರಜೆಗೆ ಊರಿಗೆ ಬಂದಿದ್ದೆವು. ಸುದ್ದಿ ತಿಳಿದ ಕೂಡಲೇ ಬಸ್ ಹತ್ತಿದೆ.
ಈಗ ಅವರ ಮನೆ ಎದುರಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ...

ತಜ್ಞರ ಪರಿಚಯ ಬರೆಯುವುದು ನನ್ನ ಕೆಲಸ. ಒಬ್ಬೊಬ್ಬರಿಗೆ ನಾಲ್ಕೇ ಸಾಲು. ಎಲ್ಲಿ ಓದಿದರು, ಏನು ಬರೆದರು, ಇದಕ್ಕೆ ಮೊದಲು ಏನು ಮಾಡುತ್ತಿದ್ದರು...
ನಾನು ಮೊದಲೇ ಅಧಿಕಪ್ರಸಂಗಿ. ಆ ಕೊನೆಯ ಪ್ರಶ್ನೆಯನ್ನು ಕೆದಕಿ ಕೆದಕಿ ಕೇಳುತ್ತೇನೆ. ನಿವೃತ್ತ ರಾಯಭಾರಿಗಳು, ಸೇನಾಧಿಕಾರಿಗಳು ಇದ್ದದ್ದೇ ಬಿಡಿ. ಆದರೆ ಕ್ಷಿಪಣಿಗಳ ಬಗ್ಗೆ ಬರೆಯುವ ಒಬ್ಬಾಕೆ ಮೊದಲು ಹಲ್ಲಿನ ಡಾಕ್ಟರ್! ಸಮುದ್ರ ಭದ್ರತೆಯವರೊಬ್ಬರು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು!
ಇಂಥದ್ದು ಸಿಕ್ಕರೆ ನನಗೆ ಹಬ್ಬ.

ಅಂಥ ನಾನೇ ದುರಗಪ್ಪ ಸರ್ ಬರೆದುಕೊಟ್ಟ ಮೊದಲ ಸಾಲನ್ನು ಅಳಿಸಿದ್ದೆ.
"ಚೈನ್‌ಮನ್, ಭೂಮಾಪನ ಕಚೇರಿ, ನವಲಗುಂದ. ಎರಡು ವರ್ಷ."

ಚೈನ್‌ಮನ್ ಅಂದರೆ ಸರ್ವೇಯರ್ ಹೊಲ ಅಳೆಯುವಾಗ ಅಳತೆಯ ಸರಪಳಿ ಹಿಡಿದು ಎಳೆಯುವವನು. ಲಂಡನ್ನಿನ ಡಾಕ್ಟರೇಟ್ ಪಕ್ಕ ಇದೇಕೆ, ಜನ ಹಗುರ ಮಾಡಿಯಾರು ಅಂತ ನಾನೇ ತೀರ್ಮಾನಿಸಿಬಿಟ್ಟೆ. ಬೇರೆಯವರದಾದರೆ ಹಬ್ಬ, ನಮ್ಮ ಕಡೆಯವರದಾದರೆ ನಾಚಿಕೆ...

ಅವರು ನೋಡಿದರು.
"ಅಲ್ಲವ್ವಾ, ನನ್ನ ಆ ಸಾಲು ಎಲ್ಲಿ ಹೋತು?"
ಜಾಗ ಸಾಲಲಿಲ್ಲ ಸರ್ ಅಂದೆ.
"ಹಂಗಾರ ಲಂಡನ್ ತಗದ ಒಗಿ. ಅದನ್ನ ಹಾಕು."
ನಕ್ಕೆ. ಹಾಕಲಿಲ್ಲ. ಎರಡು ವರ್ಷವಾಯಿತು.
ಮೊನ್ನೆ ಬಂದ ಮೆಸೇಜೂ ಅದೇ... "ಸಾಲು?" ಅಂತ ಒಂದೇ ಪದ.

ಸರ್...
ಕಂಡವರದನ್ನೆಲ್ಲ ಕೇಳುವವಳು ನಿಮ್ಮನ್ನು ಒಮ್ಮೆಯೂ ಯಾಕೆ ಅಂತ ಕೇಳಲಿಲ್ಲವಲ್ಲ.
ಒತ್ತುವರಿ ಮಾಡಿದವರು ಯಾರು ಅಂತ ಆ್ಯಂಕರ್ ಬೊಬ್ಬೆ ಹೊಡೆಯುವಾಗ ನೀವು, ಮೊದಲು ಬುಡ ನೋಡೋಣ ಅನ್ನುತ್ತಿದ್ದಿರಿ. ಹಿಂದಿಯಲ್ಲಾದರೂ ಅದೇ, ಇಂಗ್ಲಿಷಿನಲ್ಲಾದರೂ ಅದೇ. ಅಷ್ಟಕ್ಕೇ ನಿಮ್ಮ ಮೈಕ್ ಕಟ್.
ಆಫೀಸಿನಲ್ಲಿ ನಾವೂ ತಮಾಷೆ ಮಾಡುತ್ತಿದ್ದೆವು. ಪ್ರಿಂಟರ್ ಕೆಟ್ಟರೂ ಮೊದಲು ಬುಡ ನೋಡೋಣ...
ಯಾವುದರ ಬುಡ ಅಂತ ಇವತ್ತು ತಿಳಿಯಿತು ಸರ್.

ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಫಕ್ಕೀರಪ್ಪ ಅಂತ ಒಬ್ಬ ಹಿರಿಯರು ಕೂತಿದ್ದಾರೆ. ಕಾಕಾ, ಸರ್ ನಿಮಗೆ ಏನಾಗಬೇಕು ಅಂದೆ. ಏನೂ ಆಗಬೇಕಿಲ್ಲ, ನಮ್ಮ ಹೊಲ ಅಳೆಯಲು ಬಂದಿದ್ದ ಅಂದರು.

ನಲವತ್ತು ವರ್ಷದ ಹಿಂದಿನ ಮಾತು. ಇವರ ಹೊಲಕ್ಕೂ ಬಾಜು ಹೊಲಕ್ಕೂ ನಡುವಿನ ಬಾಂದುಕಲ್ಲು ಒಂದು ಗೇಣು ಇವರ ಕಡೆ ಸರಿದಿತ್ತಂತೆ. ನೀನೇ ಸರಿಸಿದ್ದು ಅಂತ ಇವರು, ಮುಟ್ಟಿಯೇ ಇಲ್ಲ ಅಂತ ಬಾಜು ಹೊಲದವನು. ಸರ್ವೇಯರ್ ಬರುವ ಹೊತ್ತಿಗೆ ಇಬ್ಬರ ಕೈಯಲ್ಲೂ ಕುಡಗೋಲು. ಆಗ ಚೈನ್‌ಮನ್ ದುರಗಪ್ಪ ಸರಪಳಿಯನ್ನು ಕೆಳಗಿಟ್ಟು, ಹಾರೆ ತೆಗೆದುಕೊಂಡು, ಅವರಿಬ್ಬರ ನಡುವೆಯೇ ಕೂತು ಕಲ್ಲಿನ ಸುತ್ತ ಅಗೆದರಂತೆ.

"ನಮ್ಮದು ಎರಿ ಹೊಲ ನೋಡವಾ. ಬ್ಯಾಸಗ್ಯಾಗ ಬಿರಿತೈತಿ, ಮಳಿ ಬಿದ್ರ ಉಬ್ಬತೈತಿ. ಕಲ್ಲು ತಾನ ವಾಲಿತ್ತು. ತಲಿ ಅಷ್ಟ ಈ ಕಡೆ ಬಂದಿತ್ತು, ಬುಡ ಇದ್ದಲ್ಲೇ ಇತ್ತು. ಯಾರೂ ಸರಿಸಿದ್ದಿಲ್ಲ."

ಸರ್ವೇಯರ್ ಅಳೆದು ನೋಡಿದರೂ ಅದೇ ಬಂತಂತೆ. ಇಬ್ಬರೂ ಕುಡಗೋಲು ಬದಿಗಿಟ್ಟು ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು.
ನನಗೆ ಇಂಥ ಹೊತ್ತಿನಲ್ಲೂ ತಡೆಯಲಾಗಲಿಲ್ಲ. ಆ ಬಾಜು ಹೊಲದವರು ಈಗ ಎಲ್ಲಿದ್ದಾರೆ ಅಂದೆ.
ಕಾಕಾ ಬಾಗಿಲ ಕಡೆ ಕೈ ತೋರಿಸಿದರು. ಒಳಗೆ ಸರ್ ಕಾಲ ಬಳಿ ಒಬ್ಬ ಮುದುಕರು ಕೂತು ಅಳುತ್ತಿದ್ದರು.
"ನನ್ನ ಬೀಗ. ಮಗಳ್ನ ಅವನ ಮನಿಗೇ ಕೊಟ್ಟೀನಿ."

ಅಷ್ಟರಲ್ಲಿ ನಮ್ಮ ಡೈರೆಕ್ಟರ್ ಫೋನ್. ಅರ್ಧ ಗಂಟೆಯಲ್ಲಿ ಶ್ರದ್ಧಾಂಜಲಿ ಸೈಟಿಗೆ ಹೋಗಬೇಕು, ಹಳೆಯ ಪರಿಚಯವನ್ನೇ ಹಾಕಿಬಿಡು ಅಂದರು.
ನಾಲ್ಕೇ ಸಾಲಿನ ಜಾಗ... ಲಂಡನ್ ತೆಗೆದೆ. ಚೈನ್‌ಮನ್ ಹಾಕಿದೆ, ಎಲ್ಲಕ್ಕಿಂತ ಮೇಲೆ.

ಎರಡೇ ನಿಮಿಷಕ್ಕೆ ಮತ್ತೆ ಫೋನ್. ಇದೇನಿದು ಚೈನ್‌ಮನ್, ತೆಗೆ ಅಂದರು.
ತೆಗೆಯುವುದಿಲ್ಲ ಸರ್ ಅಂದೆ. ಕೆಲಸ ಹೋದರೂ ಹೋಗಲಿ ಅಂತ ಕಲ್ಲು, ಕುಡಗೋಲು, ಎರೆಹೊಲ ಎಲ್ಲವನ್ನೂ ಹೇಳಿದೆ.
ಡೈರೆಕ್ಟರ್ ಕೇಳಿದರು, ಟೀವಿಯಲ್ಲಿ ಅವರು ಹೇಳುತ್ತಿದ್ದದ್ದು ಇದೇನಾ ಅಂತ.
ಇದೇ ಸರ್.
ಇರಲಿ ಬಿಡು ಅಂದರು.

ಇಲ್ಲೀಗ ಬುದ್ಧವಂದನೆ ಶುರುವಾಗಿದೆ. ಇನ್ನೇನು ಎತ್ತುತ್ತಾರೆ...
ಆತ್ಮಕ್ಕೆ ಶಾಂತಿ ಅಂತ ಬರೆದರೆ ನೀವು ಬಿಡುವವರಲ್ಲ ಸರ್. ನಾವು ಆತ್ಮ ಇಲ್ಲ ಅನ್ನೋ ಬೌದ್ಧರು, ಅದರ ಬಯೋಡೇಟಾ ಮೊದಲು ತಗೊಂಡು ಬಾ ಅನ್ನುತ್ತೀರಿ.
ಹಾಗಾಗಿ ನಿಮ್ಮ ಮೆಸೇಜಿಗೆ ಉತ್ತರ ಮಾತ್ರ ಕಳಿಸಿದೆ.
"ಸಾಲು ಹಾಕೀನ್ರಿ ಸರ್."

ಒಳಗೆ, ನಿಮ್ಮ ತಲೆಯ ಹತ್ತಿರದ ಗೂಡಿನಲ್ಲಿ, ಫೋನ್ ಟಿಣ್ ಅಂದಿತು.

ನೆಮ್ಮದಿಯಿಂದ ಹೋಗಿ ಬರ್ರಿ ಸರ್...
ನಮ್ಮ ಎರೆಮಣ್ಣು ನಿಮ್ಮನ್ನು ತಣ್ಣಗೆ ಇಟ್ಟುಕೊಳ್ಳಲಿ.